ಜಲಜಮ್ಮನವರು ಕಲಿಸಿದ ಬಲಗೈ

“ನೀನೇ ಹೇಳು ಅಂಜಿನಮ್ಮ. ನಾನು ನಾಲ್ಕು ಹೆತ್ತೆ. ಒಂದಕ್ಕಾದರೂ ಯಾವ ಕೈಲಿ ಉಣ್ಣಬೇಕು ಅಂತ ಹೇಳಿಕೊಟ್ಟಿದ್ದು ಉಂಟಾ? ತಟ್ಟೆ ಮುಂದೆ ಕೂರಿಸಿದೆ, ತಿಂದ್ವು. ನೀರು ಇಳಿಜಾರಿಗೆ ಹರಿಯೋ ಹಾಗೆ ಬಲಗೈ ತಾನಾಗಿ ಅನ್ನಕ್ಕೆ ಹೋಯ್ತು. ಈಗ ಈ ಮಗೂನ ನೋಡು. ಅನ್ನ ಕಲಸೋದು ಎಡಗೈ, ಬಾಗಿಲು ತಟ್ಟೋದು ಎಡಗೈ, ದೇವರಿಗೆ ಹೂವು ಹಾಕೋದು ಎಡಗೈ. ನಮಸ್ಕಾರ ಒಂದನ್ನ ಎರಡು ಕೈಲಿ ಮಾಡ್ತಾಳೆ, ಅದರಲ್ಲೂ ಎಡಗೈ ಮುಂಚೆ ಬಂದು ಕಾಯ್ತಾ ನಿಂತಿರುತ್ತೆ, ಬಲಗೈ ಆಮೇಲೆ ಬರುತ್ತೆ, ಮುಹೂರ್ತ ಮುಗಿದ ಮೇಲೆ ಬರೋ ನೆಂಟರ ಹಾಗೆ. ಹೊಡೆಯೋ ಹಾಗಿಲ್ಲ, ಅವಳ ಅಪ್ಪ ಮೇಷ್ಟ್ರು. ಬಯ್ಯೋ ಹಾಗಿಲ್ಲ, ಅವಳ ಅಮ್ಮಾನೂ ಟೀಚರು. ಬೆಳಗಾದರೆ ಇಬ್ಬರೂ ಊರ ಮಕ್ಕಳನ್ನೆಲ್ಲ ತಿದ್ದೋಕೆ ಹೋಗ್ತಾರೆ, ಮನೆ ಮಗೂನ ತಿದ್ದೋದು ನನ್ನ ತಲೆಗೆ. ಈಗ ನಮ್ಮ ಅತ್ತಿಗೆ ಸಂಕ್ರಾಂತಿಗೆ ವಾಯಿದೆ ಹಾಕಿ ಹೋಗಿದ್ದಾರೆ. ಅಷ್ಟರೊಳಗೆ ಮಗು ಬಲಗೈಗೆ ಬರದಿದ್ರೆ ಕೃಷ್ಣಗಿರಿಗೆ ಕರ್ಕೊಂಡು ಹೋಗಿ, ಅಲ್ಲೇ ಇಸ್ಕೂಲಿಗೆ ಸೇರಿಸಿ, ತಾವೇ ಬೆಳೆಸ್ತಾರಂತೆ. ನಾನು ಬೆಳೆಸಿದ್ದು ಸರಿಯಿಲ್ವಂತೆ. ಮಗು ಇಲ್ಲದ ಮನೇಲಿ ನಾನು ಏನು ಮಾಡಲಿ ಹೇಳು, ಗೋಡೆ ಗಡಿಯಾರಕ್ಕೆ ಜಡೆ ಹೆಣೆಯಲಾ?”

ಇಷ್ಟನ್ನೂ ಜಲಜಮ್ಮನವರು ಒಂದೇ ಉಸಿರಿನಲ್ಲಿ ಹೇಳಿದ್ದು ಹೊಸೂರಿನ ಪಕ್ಕದ ಆಲಸನತ್ತಂನ ತಮ್ಮ ಮನೆಯ ಹಿತ್ತಲ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡವಳು ಉದ್ದನಪಲ್ಲಿಯಿಂದ ಬೆಳಗಿನ ಬಸ್ಸಿಗೆ ಸೊಪ್ಪು ತಂದು ಮಾರುವ ಅಂಜಿನಮ್ಮ. ಅವಳು ಸೊಪ್ಪಿನ ಕಟ್ಟನ್ನು ನೀರಿಗೆ ಅದ್ದಿ ಕೊಡವಿದಳು.

“ಅಯ್ಯೋ ಬುಡಿ ಅಮ್ಮಾವ್ರೇ. ನಮ್ಮನ್ಯಾಗೆ ಒಂದು ಎತ್ತಿತ್ತು. ನೊಗದ ಎಡಕ್ಕೆ ಕಟ್ಟುದ್ರೆ ಮಾತ್ರ ಎಳೀತಿತ್ತು. ಬಲಕ್ಕೆ ಕಟ್ಟುದ್ರೆ ಸಾಲ್ನಾಗೇ ಮಲೀಕ್ಕಂಡ್ಬುಡದು.”

“ಆಮೇಲೆ ಏನು ಮಾಡಿದ್ರಿ?” ಜಲಜಮ್ಮನವರು ಆಸೆಯಿಂದ ಮುಂದೆ ಬಂದರು.

“ಏನ್ ಮಾಡಾದು? ಎಡಕ್ಕೇ ಕಟ್ಟುದ್ವಿ.”

“ಎತ್ತು ಮನೆಮನೆಗೆ ಎಳ್ಳು ಬೀರೋಕೆ ಹೋಗುತ್ತೇನೇ?” ಎಂದು ಜಲಜಮ್ಮನವರು ಸೊಪ್ಪು ತೆಗೆದುಕೊಂಡು ಒಳಗೆ ನಡೆದರು. ಲೋಕದಲ್ಲಿ ಬುದ್ಧಿ ಕೇಳಿದರೆ ಎಲ್ಲರೂ ಹೇಳುವುದು ತಮ್ಮ ಮನೆಯ ಎತ್ತಿನ ಕಥೆಯನ್ನೇ.

ಆ ಮನೆಯ ಮೊಮ್ಮಗಳು ಆದಿಲಕ್ಷ್ಮಿ. ವಯಸ್ಸು ನಾಲ್ಕು ದಾಟಿ ಐದಕ್ಕೆ ಇಣುಕುತ್ತಿತ್ತು. ಅಪ್ಪ ಗೋಪೀನಾಥ ಹೊಸೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವನು. ಅಮ್ಮ ಶಾಂತಾಬಾಯಿ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ತಳಿ ಬಸ್ಸು ಹತ್ತಿ ಅಲ್ಲಿಯ ಎಲಿಮೆಂಟರಿ ಶಾಲೆಗೆ ಹೋಗುವವಳು. ತಾತ ಸುಬ್ಬರಾಮಯ್ಯನವರು ಪೋಸ್ಟಾಫೀಸಿನಿಂದ ನಿವೃತ್ತರಾದ ಮೇಲೆ ಮಾತನ್ನು ತಂತಿಯ ಲೆಕ್ಕಕ್ಕೆ ಇಳಿಸಿದ್ದರು; ಪದಕ್ಕೆ ಇಷ್ಟೆಂದು ಕೈಯಿಂದ ಕಟ್ಟಬೇಕಾದವರ ಹಾಗೆ ಆಡುತ್ತಿದ್ದರು. ಹೀಗಾಗಿ ಮಗುವಿನ ಊಟ, ಸ್ನಾನ, ಜಡೆ, ಶ್ಲೋಕ, ಬುದ್ಧಿ, ಸಂಸ್ಕಾರ ಇತ್ಯಾದಿ ಸಕಲ ಇಲಾಖೆಗಳಿಗೂ ಜಲಜಮ್ಮನವರೇ ಮಂತ್ರಿ, ಅವರೇ ಜವಾನ.

ಗಂಡ ಹೆಂಡತಿ ಇಬ್ಬರಿಗೂ ಮಗುವಿನ ಎಡಗೈ ವಿಷಯ ಗೊತ್ತಿತ್ತು. ಆದರೆ ಅವರ ಚರ್ಚೆ ಮಗುವಿನ ಕೈಯನ್ನು ಬಿಟ್ಟು ವಂಶವೃಕ್ಷವನ್ನು ಹತ್ತಿತ್ತು.

“ನಮ್ಮ ಕಡೆ ಯಾರೂ ಎಡಚರಿಲ್ಲ ರೀ,” ಎಂದಳು ಶಾಂತಾಬಾಯಿ.

“ಯಾಕಿಲ್ಲ? ನಿಮ್ಮ ಚಿಕ್ಕಪ್ಪ ಸೈಕಲ್ಲನ್ನ ಎಡಗಡೆಯಿಂದ ಹತ್ತೋದು ನಾನೇ ನೋಡಿದೀನಿ.”

“ಎಲ್ಲರೂ ಎಡಗಡೆಯಿಂದಲೇ ಹತ್ತೋದು! ನೀವು ಯಾವ ಕಡೆಯಿಂದ ಹತ್ತುತ್ತೀರಿ?”

ಸ್ವಲ್ಪ ಹೊತ್ತಿನ ಮೇಲೆ ಗೋಪೀನಾಥ ಅಂಗಳದಲ್ಲಿ ಸೈಕಲ್ಲು ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿದ್ದುದು ಕಿಟಕಿಯಿಂದ ಕಾಣಿಸಿತು. ಒಳಗೆ ಬಂದವನು ಆ ವಿಷಯ ಎತ್ತಲಿಲ್ಲ.

ಅತ್ತಿಗೆ ತುಳಸಮ್ಮನವರ ವಾಯಿದೆಯ ಪ್ರಕರಣ ನಡೆದದ್ದು ದೀಪಾವಳಿಯಲ್ಲಿ. ಸುಬ್ಬರಾಮಯ್ಯನವರ ಅಕ್ಕ ಅವರು. ಕೃಷ್ಣಗಿರಿಯ ಅವರ ಮನೆಯಲ್ಲಿ ಬೆಕ್ಕು ಕೂಡ ಹೊಸ್ತಿಲಿಗೆ ಬಲಗಾಲಿಟ್ಟೇ ಒಳಗೆ ಬರುತ್ತದೆ ಎಂದು ಪ್ರತೀತಿ. ಮಕ್ಕಳಿಲ್ಲ, ಶಿಸ್ತು ಧಾರಾಳವಾಗಿದೆ. ಯಜಮಾನರು ಬದರೀನಾಥ ರಾಯರು ಆ ಶಿಸ್ತಿನಲ್ಲಿ ಬೆಂದು ಹಣ್ಣಾಗಿ ಈಗ ಯಾವುದಕ್ಕೂ ಎದುರಾಡದ ಸ್ಥಿತಪ್ರಜ್ಞರಾಗಿದ್ದಾರೆ. ಹಬ್ಬಕ್ಕೆ ಬಂದ ತುಳಸಮ್ಮನವರು ಕಾಲು ತೊಳೆದು ಕೂತು, “ಮಗೂ, ಒಂದು ಲೋಟ ನೀರು ತಾ,” ಎಂದರು. ಆದಿಲಕ್ಷ್ಮಿ ತಂದು ಎಡಗೈಯಲ್ಲಿ ನೀಡಿದಳು. ತುಳಸಮ್ಮನವರು ಎರಡು ಕೈಯನ್ನೂ ಬೆನ್ನ ಹಿಂದಕ್ಕೆ ಕಟ್ಟಿಕೊಂಡು ಕೂತರು. ಮಗು ಸ್ವಲ್ಪ ಹೊತ್ತು ಕಾದು, ಇವರಿಗೆ ಬಾಯಾರಿಕೆ ಹೋಯಿತು ಎಂದುಕೊಂಡು ನೀರನ್ನು ತಾನೇ ಗಟಗಟ ಕುಡಿದು ಲೋಟವನ್ನು ಅವರ ತೊಡೆಯ ಮೇಲಿಟ್ಟು ಆಡಲು ಹೋಯಿತು.

“ಜಲಜಾ,” ಎಂದರು ತುಳಸಮ್ಮನವರು. ಅಷ್ಟೇ ಅಂದದ್ದು. ಆದರೆ ಆ ಮೂರಕ್ಷರದ ನಂತರ ರಾತ್ರಿ ಊಟದವರೆಗೂ ತೀರ್ಪು ಬರೆಯುತ್ತಲೇ ಇದ್ದರು. ತೀರ್ಪು ಇದು: ಮಗುವಿನ ತಪ್ಪಲ್ಲ, ಮನೆಯ ತಪ್ಪು. ಮನೆ ಎಂದರೆ ಜಲಜಮ್ಮ. ಸಂಕ್ರಾಂತಿಗೆ ತಾವೇ ಬಂದು ಮಗುವಿನ ಕೈಯಿಂದ ಎಳ್ಳು ಇಸಿದುಕೊಳ್ಳುತ್ತಾರೆ. ಅಂದು ಎಡಗೈ ಬಂದರೆ ಮಗು ಕೃಷ್ಣಗಿರಿಗೆ. ಗೋಪೀನಾಥ ಏನೋ ಹೇಳಲು ಹೋಗಿ, “ಅತ್ತೆ, ಈಗಿನ ಕಾಲದಲ್ಲಿ...” ಎಂದು ಶುರು ಮಾಡಿದ. “ಈಗಿನ ಕಾಲಾನೂ ನಾನು ನೋಡಿದೀನಿ, ನಿನ್ನನ್ನೂ ತೊಟ್ಟಿಲಲ್ಲಿ ನೋಡಿದೀನಿ,” ಎಂದ ಮೇಲೆ ಅವನ ಚರಿತ್ರೆ ಅಲ್ಲಿಗೆ ಮುಗಿಯಿತು. ಸುಬ್ಬರಾಮಯ್ಯನವರು ಪತ್ರಿಕೆಯ ಹಿಂದಿನಿಂದ “ಹೂಂ” ಎಂದರು. ಅದು ಯಾರ ಪರವಾದ ಹೂಂ ಎಂಬುದು ಇಂದಿಗೂ ತಿಳಿದಿಲ್ಲ.

ಅಂದಿನಿಂದ ಜಲಜಮ್ಮನವರಿಗೆ ನಿದ್ದೆಯಿಲ್ಲ. ಬೀದಿಯೆಲ್ಲ ವೈದ್ಯವಾಯಿತು. ಎದುರು ಮನೆಯ ತೆಲುಗಿನ ಕೊಂಡಮ್ಮ, ಎಡಗೈಗೆ ಬಟ್ಟೆ ಸುತ್ತಿಡಿ ಎಂದರು. ಸುತ್ತಿದರು. ಮಗು ಹಲ್ಲಿನಿಂದ ಗಂಟು ಬಿಚ್ಚುವುದನ್ನು ಕಲಿತಿತು. ಬಲಗೈಗೆ ದಪ್ಪ ಬಳೆ ಹಾಕಿ, ‘ಬಳೆ ಇರೋ ಕೈಯೇ ಒಳ್ಳೆ ಕೈ’ ಅಂತ ಹೇಳಿಕೊಡಿ ಎಂದರು ಇನ್ನೊಬ್ಬರು. ಹಾಕಿ ಹೇಳಿಕೊಟ್ಟರು. ಮಗು ಬಹಳ ಒಳ್ಳೆಯದು, ಹೇಳಿದ್ದನ್ನು ಮರೆಯಲಿಲ್ಲ. ಊಟದ ಹೊತ್ತಿಗೆ ಬಳೆಯನ್ನು ತೆಗೆದು ಎಡಗೈಗೆ ಹಾಕಿಕೊಂಡು, “ಒಳ್ಳೆ ಕೈ,” ಎಂದು ತೋರಿಸಿ ಅನ್ನಕ್ಕೆ ಹಾಕಿತು.

ಇಂಥ ಸಂದರ್ಭದಲ್ಲಿ ಗೋಪೀನಾಥ ಒಂದು ಭಾನುವಾರ ಜ್ಞಾನೋದಯವಾದವನಂತೆ ಮನೆಗೆ ಬಂದ. ಅವರ ಶಾಲೆಯಲ್ಲಿ ಮೇಷ್ಟ್ರುಗಳಿಗೆಂದು ಒಂದು ಭಾಷಣವಿತ್ತಂತೆ. ಮದರಾಸಿನಿಂದ ಒಬ್ಬ ಹೆಂಗಸು ಬಂದಿದ್ದರಂತೆ, ಮಕ್ಕಳ ಮನಸ್ಸನ್ನು ಓದಿದವರು.

“ಅಮ್ಮಾ, ನಾವು ಮಾಡ್ತಿರೋದೆಲ್ಲ ತಪ್ಪು,” ಎಂದ.

“ಅದನ್ನ ಅತ್ತಿಗೆ ಆಗಲೇ ಹೇಳಿಯಾಯ್ತಲ್ಲೋ.”

“ಹಾಗಲ್ಲಮ್ಮ. ಮಗುವಿಗೆ ಹೇಳಬಾರದು. ಗದರಬಾರದು, ಕಟ್ಟಬಾರದು. ತೋರಿಸಬೇಕು. ಮನೆಯವರು ಮಾಡಿದ್ದನ್ನ ನೋಡ್ತಾ ನೋಡ್ತಾ ಮಗು ಕಲಿಯುತ್ತೆ. ಮನೆಯೇ ಮೊದಲ ಪಾಠಶಾಲೆ.”

“ಪಾಠಶಾಲೆ ಅಂದ್ಮೇಲೆ ಬೇಸಗೆ ರಜಾ ಉಂಟಾ?” ಎಂದು ಜಲಜಮ್ಮನವರು ಕೇಳಿದರು. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಆದರೂ ಮಾತು ಮನಸ್ಸಿಗೆ ಹತ್ತಿತು. ತೋರಿಸುವುದು ತಾನೇ? ತೋರಿಸೋಣ. ಮಾರನೆಯ ದಿನದಿಂದಲೇ ಜಲಜಮ್ಮನವರು ಮಣೆ ಹಾಕಿಕೊಂಡು ಮಗುವಿನ ಎದುರಿಗೆ ಕೂತರು. ಮೊಣಕಾಲಿಗೆ ಮೊಣಕಾಲು ತಗುಲುವಷ್ಟು ಹತ್ತಿರ, ಕಣ್ಣಿಗೆ ಕಣ್ಣು ನೆಟ್ಟು. “ಅಜ್ಜೀನೇ ನೋಡು ಪುಟ್ಟಿ, ಅಜ್ಜಿ ಮಾಡಿದ ಹಾಗೇ ಮಾಡು.” ಬಲಗೈಯಿಂದ ಅನ್ನ ಕಲಸಿದರು. ಬಲಗೈಯಿಂದ ಲೋಟ ಎತ್ತಿದರು. ಬಲಗೈಯಿಂದ ಬಾಚಣಿಗೆ ಹಿಡಿದರು. ಮಗು ಕಣ್ಣು ಮಿಟುಕಿಸದೆ ನೋಡಿತು. ನೋಡಿ, ನೋಡಿ, ಅಚ್ಚುಕಟ್ಟಾಗಿ ಹಾಗೆಯೇ ಮಾಡಿತು, ಎಡಗೈಯಲ್ಲಿ.

ಸೋಲಬಾರದು ಎಂದು ಜಲಜಮ್ಮನವರು ಪಾಠದ ಹೊತ್ತನ್ನು ಹೆಚ್ಚಿಸಿದರು. ಹೆಚ್ಚಿಸಿದಷ್ಟೂ ಎಡಗೈ ಬಲವಾಯಿತು. ಅಲ್ಲಿಯವರೆಗೆ ಬಲಗೈಯಲ್ಲಿ ಮಾಡುತ್ತಿದ್ದ ಒಂದೆರಡು ಕೆಲಸಗಳೂ (ಹಲ್ಲುಜ್ಜುವುದು, ಬೊಂಬೆಯ ತಲೆ ಬಾಚುವುದು) ಪಕ್ಷಾಂತರ ಮಾಡಿ ಎಡಗಡೆಗೆ ಸೇರಿದವು. ‘ಮನೆಯವರನ್ನು ನೋಡಿ ಕಲಿಯುತ್ತೆ ಅಂದರಲ್ಲ, ಈ ಮಗು ನೋಡ್ತಿರೋದು ಯಾರನ್ನ?’ ಎಂದು ಜಲಜಮ್ಮನವರಿಗೆ ತಲೆ ಕೆಟ್ಟಿತು. ಮನೆಯಲ್ಲಿ ಕಳ್ಳತನದಿಂದ ಎಡಗೈ ಬಳಸುವವರು ಯಾರೋ ಇದ್ದಾರೆ ಎಂಬ ಸಂಶಯ ಬಂದು ಒಂದಿಡೀ ದಿನ ಗಂಡನನ್ನು ಕಾದರು. ಸುಬ್ಬರಾಮಯ್ಯನವರು ಪತ್ರಿಕೆಯನ್ನು ಎರಡು ಕೈಯಲ್ಲೂ ಹಿಡಿದಿದ್ದರಿಂದ ಏನನ್ನೂ ಸಾಬೀತು ಮಾಡಲಾಗಲಿಲ್ಲ.

ಗುಟ್ಟು ಬಯಲಾದದ್ದು ಹಿತ್ತಲ ಗೋಡೆಯ ಆಚೆ. ಅಲ್ಲಿ ಒಂದು ತಮಿಳು ಶಾಲೆಯ ಮೈದಾನ. ಡ್ರಿಲ್ ಮೇಷ್ಟ್ರು ಅಶ್ವತ್ಥಪ್ಪ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದ. ಜಲಜಮ್ಮನವರು ಸೀರೆ ಒಣಹಾಕುತ್ತಾ ನೋಡಿದರು. “ವಲದು ಕೈ... ಮೇಲೇ!” ಎಂದು ಅವನು ಗರ್ಜಿಸಿದ. ವಲದು ಎಂದರೆ ತಮಿಳಿನಲ್ಲಿ ಬಲ ಎಂದು ಜಲಜಮ್ಮನವರಿಗೆ ಗೊತ್ತು. ಆದರೆ ಅವನು ಎತ್ತಿದ್ದು ಎಡಗೈ! ಇವರ ರಕ್ತ ಕುದಿಯಿತು. ಊರ ಮಕ್ಕಳೆಲ್ಲ ಎಡಚರಾಗುತ್ತಿರುವುದು ಇದಕ್ಕೇ! ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಗೋಡೆಯ ಹತ್ತಿರ ಹೋದರು.

“ಏನಪ್ಪಾ ಅಶ್ವತ್ಥಪ್ಪ! ಬಾಯಲ್ಲಿ ಬಲ, ಕೈಯಲ್ಲಿ ಎಡ. ಸರ್ಕಾರ ಸಂಬಳ ಕೊಡೋದು ಯಾವುದಕ್ಕೆ, ಬಾಯಿಗಾ ಕೈಗಾ?”

ಅಶ್ವತ್ಥಪ್ಪ ಸೀಟಿ ತೆಗೆದು ನಕ್ಕ. “ಅಮ್ಮಾ, ನಾನು ಮಕ್ಕಳ ಎದ್ರುಗೆ ನಿಂತಿವ್ನಿ ಅಲ್ವಾ?”

“ನಿಂತಿದೀಯ.”

“ನಾನು ನನ್ ಬಲಗೈ ಎತ್ತುದ್ರೆ ಆ ಮಕ್ಕಳು ಅದೇ ಕಡೆ ಇರೋ ಕೈ ಎತ್ತವೆ. ಅದು ಅವುಕ್ಕೆ ಎಡಗೈ. ಅದುಕ್ಕೇ ನಾನು ಎಡಗೈ ಎತ್ತಾದು. ಅವು ಬಲಗೈ ಎತ್ತವೆ.”

ಜಲಜಮ್ಮನವರು ಒದ್ದೆ ಸೀರೆಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು. “ಅಂದ್ರೆ, ನೀನು ತಪ್ಪು ಮಾಡಿದ್ರೆ ಅವು ಸರಿ ಮಾಡ್ತವೆ.”

“ಅಂಗೇ ಅನ್ಕಳ್ಳಿ.”

“ನೀನು ಸರಿ ಮಾಡಿದ್ರೆ?”

“ಅವು ತಪ್ಪು ಮಾಡ್ತವೆ.”

“ಮಿಕ್ಕ ಮೇಷ್ಟ್ರುಗಳಿಗೂ ಇದು ಗೊತ್ತೇನಪ್ಪಾ?”

ಅಶ್ವತ್ಥಪ್ಪ ಆಚೀಚೆ ನೋಡಿ, “ಡ್ರಿಲ್‌ಗೆ ಮಾತ್ರ ಅಮ್ಮಾ,” ಎಂದು ಸೀಟಿ ಬಾಯಿಗಿಟ್ಟುಕೊಂಡ.

ಜಲಜಮ್ಮನವರಿಗೆ ಅರ್ಥವಾಯಿತು, ಆಗಲಿಲ್ಲ, ಆಯಿತು, ಮತ್ತೆ ಹೋಯಿತು. ಮಾರನೆಯ ಬೆಳಿಗ್ಗೆ ಅಂಜಿನಮ್ಮ ಬಂದ ಕೂಡಲೇ ಅವಳನ್ನು ಎದುರಿಗೆ ನಿಲ್ಲಿಸಿಕೊಂಡರು. “ನಾನು ಮಾಡಿದ ಹಾಗೆ ಮಾಡೇ,” ಎಂದು ಬಲಗೈ ಎತ್ತಿದರು. ಅಂಜಿನಮ್ಮ ತಟಕ್ಕನೆ ಎಡಗೈ ಎತ್ತಿದಳು. ಜಲಜಮ್ಮನವರು ಎಡಗೈ ಎತ್ತಿದರು. ಅವಳು ಬಲಗೈ ಎತ್ತಿದಳು. ಜಲಜಮ್ಮನವರ ಕಣ್ಣು ಅರಳಿತು. “ಅಯ್ಯೋ ದೇವರೇ! ಇಷ್ಟು ದಿನ ಆ ಮಗುವಿಗೆ ಎಡಗೈ ಕಲಿಸಿದೋಳು ನಾನೇ!”

“ಅಮ್ಮಾವ್ರೇ,” ಎಂದಳು ಅಂಜಿನಮ್ಮ, ಎತ್ತಿದ ಕೈಯನ್ನು ಇಳಿಸದೆ, “ಸೊಪ್ಪು ಬೇಕೋ ಬ್ಯಾಡ್ವೋ ಯೋಳಿ. ಬಸ್ಸು ಹೋಗ್ಬುಟ್ಟಾತು.”

ದಾರಿಯೇನೋ ಸಿಕ್ಕಿತು. ಆದರೆ ಆ ದಾರಿಯಲ್ಲಿ ನಡೆಯುವುದು ಹೇಗೆ? ಮಗು ಬಲಗೈಯಲ್ಲಿ ಉಣ್ಣಬೇಕಾದರೆ ಜಲಜಮ್ಮನವರು ಎಡಗೈಯಲ್ಲಿ ಉಣ್ಣಬೇಕು. ಮಡಿ ಉಟ್ಟು, ಏಕಾದಶಿ ಮಾಡಿ, ಮೈಲಿಗೆಯ ನೆರಳೂ ತಾಕದಂತೆ ಬಾಳಿ ಬಂದ ಹೆಂಗಸು! ಅವರು ದೇವರ ಮುಂದೆ ನಿಂತು ಒಂದು ಒಪ್ಪಂದ ಮಾಡಿಕೊಂಡರು. “ಸ್ವಾಮಿ, ಇದು ನನ್ನ ಎಡಗೈ ಅಂತ ತಿಳ್ಕೋಬೇಡ. ಮಗುವಿನ ಬಲಗೈ ಅಂತ ತಿಳ್ಕೋ. ನಿನಗೂ ನಾನು ಎದುರಿಗೇ ನಿಂತಿದೀನಲ್ಲ, ನೀನು ನೋಡಿದ್ರೆ ಸರಿಯಾಗೇ ಕಾಣುತ್ತೆ.” ದೇವರು ಏನೂ ಹೇಳಲಿಲ್ಲ. ಸುಬ್ಬರಾಮಯ್ಯನವರ ಜೊತೆ ಇಷ್ಟು ವರ್ಷ ಬಾಳಿದ ಅವರಿಗೆ ಮೌನವೆಂದರೆ ಒಪ್ಪಿಗೆ.

ಮಗುವಿನ ಎದುರಿಗೆ ಮಾತ್ರ ಎಡಗೈ, ಮಿಕ್ಕ ಹೊತ್ತು ಬಲಗೈ ಎಂಬುದು ಕರಾರು. ಆದರೆ ಮಗು ಎದುರಿಗಿಲ್ಲದ ಹೊತ್ತು ಯಾವುದು? ಸಾರು ಬಡಿಸಿದರೆ ಮಗು ನೋಡುತ್ತಿತ್ತು. ರಂಗೋಲಿ ಇಟ್ಟರೆ ಮಗು ನೋಡುತ್ತಿತ್ತು. ಹೀಗಾಗಿ ಜಲಜಮ್ಮನವರು ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಎಡಗೈಯ ವ್ರತ ಹಿಡಿದರು. ಮೊದಮೊದಲು ಸಾರು ತಟ್ಟೆಯ ಬದಲು ಪಕ್ಕದ ಮಣೆಗೆ ಬಿತ್ತು. ಬಾಗಿಲ ರಂಗೋಲಿಯನ್ನು ನೋಡಿ ಕೊಂಡಮ್ಮ, “ರಾತ್ರಿ ಕೋಳಿಗಳು ಬಂದಿದ್ವಾ?” ಎಂದು ಕೇಳಿದರು. ಬರಬರುತ್ತಾ ಕೈ ಪಳಗಿತು. ಆಶ್ಚರ್ಯವೆಂದರೆ ಮಗುವಿನ ಕೈಯೂ ಪಳಗಿತು. ಒಂದು ಮಧ್ಯಾಹ್ನ ಎದುರಿಗೆ ಕೂತ ಆದಿಲಕ್ಷ್ಮಿ ಬಲಗೈಯಿಂದ ಮೊಸರನ್ನ ಎತ್ತಿ ಬಾಯಿಗಿಟ್ಟುಕೊಂಡಳು. ಜಲಜಮ್ಮನವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೊಗಳಿದರೆ ಎಲ್ಲಿ ಕೈ ಬದಲಾಗುತ್ತದೋ ಎಂದು ಹೆದರಿ ಉಸಿರು ಬಿಗಿಹಿಡಿದು ಮತ್ತೊಂದು ತುತ್ತು ಎಡಗೈಯಲ್ಲಿ ಎತ್ತಿದರು. ಮಗು ಮತ್ತೊಂದು ತುತ್ತು ಬಲಗೈಯಲ್ಲಿ ಎತ್ತಿತು.

ಮನೆಯಲ್ಲಿ ಇದನ್ನೆಲ್ಲ ಗಮನಿಸಿದವಳು ಸೊಸೆ. “ರೀ, ಅತ್ತೆ ಬಲಗೈಗೆ ಏನೋ ಆಗಿದೆ. ಎತ್ತೋದೇ ಇಲ್ಲ. ನೀವು ಯಾವತ್ತು ಕಣ್ಣು ಬಿಟ್ಟು ನೋಡೋದು?”

ಗೋಪೀನಾಥ ಬೆವರಿದ. ಅವರ ಶಾಲೆಯ ಒಬ್ಬ ಗುಮಾಸ್ತರಿಗೆ ಹೀಗೆಯೇ ಒಂದು ಪಕ್ಕ ಬಿದ್ದುಹೋಗಿತ್ತು. ಅವನು ಓಡಿಬಂದು ತಾಯಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತ. “ಅಮ್ಮಾ, ಹೆದರಬೇಡ. ನಿಧಾನವಾಗಿ ಬಲಗೈ ಎತ್ತು ನೋಡೋಣ.”

ಜಲಜಮ್ಮನವರು ಎತ್ತಬೇಕೆಂದಿದ್ದರು. ಆದರೆ ಮಗನ ಹೆಗಲ ಹಿಂದೆ ಆದಿಲಕ್ಷ್ಮಿ ನಿಂತು ಇವರನ್ನೇ ನೋಡುತ್ತಿದ್ದಳು. ಅವರು ಎಡಗೈ ಎತ್ತಿದರು.

“ಶಾಂತಾ! ಜಟಕಾ ಕರಿಯೇ!” ಎಂದು ಗೋಪೀನಾಥ ಕಿರುಚಿದ.

ಜಲಜಮ್ಮನವರು ಅವನ ಬಾಯಿ ಮುಚ್ಚಿ, ಅಡಿಗೆಮನೆಗೆ ಎಳೆದುಕೊಂಡು ಹೋಗಿ ಪಿಸುಮಾತಿನಲ್ಲಿ ಎಲ್ಲವನ್ನೂ ವಿವರಿಸಿದರು. ಎದುರು, ಬದುರು, ಅಶ್ವತ್ಥಪ್ಪ, ವಲದು, ಇಡದು. “ಅರ್ಥವಾಯ್ತು,” ಎಂದ ಗೋಪೀನಾಥ. ಆಗಿರಲಿಲ್ಲ. ತರಗತಿಯಲ್ಲಿ ಮಕ್ಕಳು ತನಗೆ ದಿನವೂ ಏನು ಹೇಳುತ್ತಿದ್ದರೋ ಅದನ್ನೇ ಅವನು ತಾಯಿಗೆ ಹೇಳಿದ್ದ.

ಶಾಂತಾಬಾಯಿ ಬಾಗಿಲಲ್ಲಿ ನಿಂತು ಕೇಳಿದಳು. “ಅತ್ತೆ, ಇಷ್ಟು ಕಷ್ಟ ಯಾಕೆ? ಮಗು ಯಾವ ಕೈಲಿ ಬರೆದ್ರೂ ಅಕ್ಷರ ಅಕ್ಷರವೇ ಅಲ್ವಾ?”

“ಅದನ್ನ ನೀನು ಅತ್ತಿಗೆ ಎದುರಿಗೆ ಹೇಳಮ್ಮ. ನಾನು ಬಾಗಿಲ ಹಿಂದೆ ನಿಂತು ಕೇಳ್ತೀನಿ.”

ಶಾಂತಾಬಾಯಿ ಆ ಕ್ಷಣವೇ ನಾಳೆಯ ಡಬ್ಬಿಯ ಪಲ್ಯದ ವಿಚಾರ ಎತ್ತಿದಳು.

ಸಂಕ್ರಾಂತಿ ಬಂತು. ಚಳಿಯಲ್ಲಿ ತುಳಸಮ್ಮನವರೂ ಬಂದರು. ಜೊತೆಯಲ್ಲಿ ಒಂದು ತಗಡಿನ ಟ್ರಂಕು ಬಂತು, ಖಾಲಿ ಟ್ರಂಕು. ನಡುಮನೆಯಲ್ಲಿ ಅದನ್ನು ಧಡ್ ಎಂದು ಇಟ್ಟು, “ಮಗುವಿನ ಲಂಗ ಜಂಪರು ಇದರಲ್ಲಿ ಹಿಡಿಸುತ್ತೆ,” ಎಂದರು. ಜಲಜಮ್ಮನವರ ಎದೆ ಆ ಟ್ರಂಕಿನಷ್ಟೇ ಖಾಲಿಯಾಗಿ ಸದ್ದು ಮಾಡಿತು. ಆ ಟ್ರಂಕನ್ನು ನೋಡಿದಾಗಲೆಲ್ಲ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗ ಕತ್ತು ಆಡಿಸುವ ಆ ಪುಟ್ಟ ತಲೆ ಕಣ್ಣಿಗೆ ಕಟ್ಟುತ್ತಿತ್ತು.

ಸಂಜೆಗೆ ಆದಿಲಕ್ಷ್ಮಿಗೆ ರೇಷ್ಮೆ ಲಂಗ ಉಡಿಸಿ, ಮಲ್ಲಿಗೆ ಮುಡಿಸಿ, ಕೈಗೆ ತಟ್ಟೆ ಕೊಟ್ಟರು. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು. ತುಳಸಮ್ಮನವರು ಮಣೆಯ ಮೇಲೆ ನ್ಯಾಯಾಧೀಶರ ಹಾಗೆ ಕೂತಿದ್ದರು. ಗೋಪೀನಾಥ ಕಂಬ ಹಿಡಿದು ನಿಂತಿದ್ದ. ಶಾಂತಾಬಾಯಿ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದಳು. ತುಳಸಮ್ಮನವರ ಎದುರಿಗೆ ಬಂದು ನಿಂತ ಮಗು ತಟ್ಟೆಯನ್ನು ನೆಲದ ಮೇಲಿಟ್ಟಿತು. ಒಂದು ಗಳಿಗೆ ಎರಡು ಕೈಯನ್ನೂ ನೋಡಿಕೊಂಡಿತು. ಜಲಜಮ್ಮನವರು ಅತ್ತಿಗೆಯ ಬೆನ್ನ ಹಿಂದೆ ನಿಂತು ಎಡಗೈಯನ್ನು ಎದೆಯವರೆಗೆ ಎತ್ತಿದರು.

ಮಗು ಬಲಗೈಯಿಂದ ಎಳ್ಳು ತೆಗೆದು, “ತೊಗೊಳ್ಳಿ ಕೃಷ್ಣಗಿರಿ ಅಜ್ಜಿ, ಒಳ್ಳೇ ಮಾತಾಡಿ,” ಎಂದಿತು.

ತುಳಸಮ್ಮನವರು ಒಂದೇ ಸಾಕ್ಷಿಗೆ ಒಪ್ಪುವವರಲ್ಲ. “ನೀರು ತಾ,” ಎಂದರು. ಬಲಗೈಯಲ್ಲಿ ಬಂತು. “ಆ ಹೂವು ಕೊಡು.” ಬಲಗೈ. ಮಗು ಮೈಮರೆತಿರುವುದನ್ನು ನೋಡಿ ಇದ್ದಕ್ಕಿದ್ದಂತೆ ಒಂದು ಬಾಳೆಹಣ್ಣನ್ನು ಎಸೆದು, “ಹಿಡಿ!” ಎಂದರು. ಮಗು ಎರಡು ಕೈಯಲ್ಲೂ ಹಿಡಿದು, ಸುಲಿದು ತಿನ್ನತೊಡಗಿತು.

ತುಳಸಮ್ಮನವರು ದೀರ್ಘವಾಗಿ ಉಸಿರೆಳೆದರು. “ಸರಿ,” ಎಂದರು. “ಜಲಜಾ, ಮಗು ಸರಿಹೋಗಿದೆ. ನಿನ್ನ ಕೈಲಿ ಆಗೋದಿಲ್ಲ ಅಂದ್ಕೊಂಡಿದ್ದೆ. ಮಗು ಇಲ್ಲೇ ಇರಲಿ.” ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು.

ಜಲಜಮ್ಮನವರಿಗೆ ಕಣ್ಣು ಮಂಜಾಯಿತು. ಅತ್ತಿಗೆಯ ಬಾಯಲ್ಲಿ ಇಂಥ ಮಾತು ತಾವು ಈ ಮನೆಗೆ ಬಂದ ಮೇಲೆ ಇದೇ ಮೊದಲು. ಸಂತೋಷದಲ್ಲಿ ಕಾಲು ನೆಲಕ್ಕೆ ತಾಗದೆ ಒಳಗೆ ಓಡಿ ಅರಿಸಿನ ಕುಂಕುಮದ ಬಟ್ಟಲು ತಂದರು. ಅತ್ತಿಗೆಯ ಎದುರಿಗೆ ಮೊಣಕಾಲೂರಿ ಕೂತರು. ಅತ್ತಿಗೆಯ ತೊಡೆಯ ಮೇಲಿದ್ದ ಮಗು ಇವರನ್ನೇ ನೋಡುತ್ತಿತ್ತು. ಜಲಜಮ್ಮನವರು ಎಡಗೈಯನ್ನು ಕುಂಕುಮಕ್ಕೆ ಅದ್ದಿ, ಮುತ್ತೈದೆ ತುಳಸಮ್ಮನವರ ಹಣೆಗೆ, ಕೈ ಒಂದಿಷ್ಟೂ ನಡುಗದಂತೆ, ದುಂಡಗೆ ಇಟ್ಟರು. ಅದೇ ಕೈಯಿಂದ ಎಲೆ ಅಡಿಕೆ ತೆಗೆದು ನೀಡಿದರು.

ಪತ್ರಿಕೆ ಮೆಲ್ಲಗೆ ಕೆಳಗಿಳಿದು ಅದರ ಹಿಂದೆ ಸುಬ್ಬರಾಮಯ್ಯನವರ ಮುಖ ಕಾಣಿಸಿತು; ಎಷ್ಟೋ ದಿನದ ಮೇಲೆ ನೋಡಿದ್ದರಿಂದ ಶಾಂತಾಬಾಯಿಗೆ ತಟಕ್ಕನೆ ಗುರುತು ಹತ್ತಲಿಲ್ಲ. ಮೊದಲು ಮಾತಾಡಿದ್ದು ಆದಿಲಕ್ಷ್ಮಿ. ಗದರದೆ, ಮೃದುವಾಗಿ, ಮಗುವಿಗೆ ಹೇಗೆ ಹೇಳಬೇಕೋ ಹಾಗೆ ಹೇಳಿದಳು.

“ಅಜ್ಜಿ, ಬಲಗೈ.”

ಜಲಜಮ್ಮನವರು ತಮ್ಮ ಕೈಯನ್ನು ಯಾರದೋ ಕೈ ಎನ್ನುವಂತೆ ನೋಡಿಕೊಂಡರು. “ಅತ್ತಿಗೆ, ಇದು ಹಾಗಲ್ಲ, ಇದು ಬಲಗೈಯೇ. ಅಂದ್ರೆ ನನಗೆ ಎಡ, ಎದುರಿಗಿರೋರಿಗೆ ಬಲ. ನಾನು ಸರಿ ಮಾಡಿದ್ರೆ ಮಗು ತಪ್ಪು ಮಾಡುತ್ತೆ, ಅದಕ್ಕೆ ನಾನು ತಪ್ಪು... ಅಶ್ವತ್ಥಪ್ಪನ್ನ ಬೇಕಾದ್ರೆ ಕೇಳಿ, ಅವನೂ ಹೀಗೇನೇ, ಬಾಯಲ್ಲಿ ಬಲ ಅಂತಾನೆ...”

“ಯಾರು ಅಶ್ವತ್ಥಪ್ಪ?” ತುಳಸಮ್ಮನವರು ತಮ್ಮನ ಮಗನ ಕಡೆ ತಿರುಗಿದರು. “ಗೋಪಿ, ಯಾವಾಗಿಂದ ಹೀಗೆ?”

“ಅತ್ತೆ, ನನಗೆ ಅರ್ಥವಾಗಿತ್ತು,” ಎಂದ ಗೋಪೀನಾಥ, “ಈಗ ಇಲ್ಲ.”

ತುಳಸಮ್ಮನವರು ಹಣೆಯ ಕುಂಕುಮವನ್ನು ಮುಟ್ಟಿ ನೋಡಿಕೊಂಡರು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಎಲ್ಲರೂ ಕಾದರು. ಟ್ರಂಕಿನ ಕಡೆ ಅವರ ಕಣ್ಣು ಹೋದಾಗ ಜಲಜಮ್ಮನವರು ಮಗುವಿನ ಲಂಗದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಯಾವ ಕೈಯಲ್ಲಿ ಎಂದು ಯಾರೂ ನೋಡಲಿಲ್ಲ.

“ಪಾಪ,” ಎಂದರು ತುಳಸಮ್ಮನವರು. ಅವರ ದನಿಯಲ್ಲಿ ಕನಿಕರವಿತ್ತು. ಬೈಗುಳಕ್ಕಿಂತ ಅದೇ ಭಯಂಕರವಾಗಿತ್ತು. “ಮಗುವಿಗಾದರೆ ಇನ್ನೂ ವಯಸ್ಸಿದೆ, ತಿದ್ದಿದರೆ ತಿದ್ದಿಕೊಳ್ಳುತ್ತೆ, ತಿದ್ದಿಕೊಂಡೂ ಇದೆ. ನಿನ್ನನ್ನ ತಿದ್ದೋರು ಯಾರು ಜಲಜಾ? ಒಂದು ಒಳ್ಳೆ ಮಗೂನ ಬೆಳೆಸೋ ಕೈ ಇದೇನಾ? ನಾಳೆ ಅದು ನಿನ್ನನ್ನ ನೋಡಿ ಮತ್ತೆ ಕಲಿತ್ರೆ? ನನ್ನ ತಮ್ಮನಿಗೆ ಪೇಪರ್ ಬಿಟ್ಟರೆ ಲೋಕವಿಲ್ಲ. ಗೋಪಿಗೆ ಹೇಳಿದ್ದು ಅರ್ಥವಾಗೋದಿಲ್ಲ. ನಾನೇ ಇಲ್ಲಿ ಇರ್ತೀನಿ.”

“ಎಲ್ಲಿ ಇರ್ತೀರಿ ಅತ್ತಿಗೆ?” ಎಂದರು ಜಲಜಮ್ಮನವರು.

“ಇಲ್ಲೇ. ಯುಗಾದಿವರೆಗೂ. ಸರಿಹೋಗದಿದ್ರೆ ಶ್ರಾವಣದವರೆಗೂ. ಗೋಪಿ, ನಾಳೆ ಬೆಳಿಗ್ಗೆ ಕೃಷ್ಣಗಿರಿ ಬಸ್ಸಿನ ಕಂಡಕ್ಟರ್ ಕೈಲಿ ಈ ಟ್ರಂಕು ಕೊಟ್ಟು ಕಳಿಸು. ನನ್ನ ಸೀರೆಗಳನ್ನೆಲ್ಲ ತುಂಬಿ ಕಳಿಸಬೇಕಂತೆ ಅಂತ ನಿಮ್ಮ ಮಾವನಿಗೆ ಹೇಳಿಸು.”

(ಬದರೀನಾಥ ರಾಯರು ಆ ಸೀರೆಗಳನ್ನು ಎಂಥ ಉತ್ಸಾಹದಿಂದ ತುಂಬಿದರೆಂದರೆ, ಟ್ರಂಕು ಮಾರನೆಯ ಸಂಜೆಯ ಬಸ್ಸಿಗೇ ವಾಪಸು ಬಂತು. ಕಂಬಳಿಯನ್ನೂ ಇಟ್ಟಿದ್ದರು. ಬೇಸಗೆಯ ಬೀಸಣಿಗೆಯನ್ನೂ ಇಟ್ಟಿದ್ದರು.)

ಅಕ್ಕನ ತೀರ್ಪು ಕೇಳಿದ ಸುಬ್ಬರಾಮಯ್ಯನವರು ಪತ್ರಿಕೆಯನ್ನು ಮತ್ತೆ ಎತ್ತಿಕೊಂಡು “ಹೂಂ” ಎಂದರು. ಇದು ಮಾತ್ರ ಯಾರ ಪರವೂ ಅಲ್ಲ, ಬರಿಯ ನಿಟ್ಟುಸಿರು ಎಂದು ಎಲ್ಲರಿಗೂ ತಿಳಿಯಿತು.

ಟ್ರಂಕು ಬಂದ ಮಾರನೆಯ ಬೆಳಿಗ್ಗೆ ಅಂಜಿನಮ್ಮ ಒಂದು ಮಂಕರಿ ಸೊನೆ ಅವರೆಕಾಯಿ ತಂದು ಸುರಿದು ಹೋದಳು. ಸುಲಿದು ನೆನೆಹಾಕಿದ್ದ ಕಾಳು ಮಧ್ಯಾಹ್ನದ ಹೊತ್ತಿಗೆ ಉಬ್ಬಿತ್ತು. ಜಲಜಮ್ಮನವರು ನಡುಮನೆಯಲ್ಲಿ ಬೋಗುಣಿ ಇಟ್ಟುಕೊಂಡು ಹಿದುಕಲು ಕೂತರು. ತುಳಸಮ್ಮನವರು ಮಣೆ ತಂದು ಸರಿಯಾಗಿ ಅವರ ಎದುರಿಗೆ ಹಾಕಿದರು. ಮೊಣಕಾಲಿಗೆ ಮೊಣಕಾಲು ತಗುಲುವಷ್ಟು ಹತ್ತಿರ.

“ನನ್ನನ್ನೇ ನೋಡು ಜಲಜಾ. ನಾನು ಬಾಯಲ್ಲಿ ಹೇಳೋದಿಲ್ಲ. ನಾನು ಮಾಡಿದ ಹಾಗೆ ಮಾಡು, ತಾನಾಗಿ ಬರುತ್ತೆ.”

ತುಳಸಮ್ಮನವರು ಬಲಗೈ ಎತ್ತಿದರು. ಎತ್ತಬೇಕಾದದ್ದು ಯಾವ ಕೈ, ಅತ್ತಿಗೆಗೆ ಕಾಣುವುದು ಯಾವ ಕೈ ಎಂದು ಜಲಜಮ್ಮನವರು ಒಳಗೊಳಗೇ ಲೆಕ್ಕ ಹಾಕಿದರು. ಲೆಕ್ಕ ಒಂದು ಸಲ ಹೀಗೆ ಬಂತು, ಒಂದು ಸಲ ಹಾಗೆ ಬಂತು. ಕೊನೆಗೆ ಎರಡು ಕೈಯನ್ನೂ ಬೋಗುಣಿಗೆ ಹಾಕಿದರು. ಆದಿಲಕ್ಷ್ಮಿ ಇಬ್ಬರ ನಡುವೆ ನುಗ್ಗಿ ಕೂತು ತಾನೂ ಎರಡು ಕೈ ಹಾಕಿದಳು. ಅವರೆ ಹಿದುಕುವುದಕ್ಕೆ ಎಷ್ಟು ಕೈಯಿದ್ದರೂ ಸಾಲದು. ಬೆರಳುಗಳ ನಡುವಿನಿಂದ ಕಾಳು ಪುಳಕ್ಕನೆ ಜಾರಿ ಬೋಗುಣಿಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲಿ ಉಳಿಯುತ್ತಿತ್ತು.

“ಆ ಕೈಯಲ್ಲ,” ಎಂದರು ತುಳಸಮ್ಮನವರು.

“ಯಾರಿಗೆ ಹೇಳಿದ್ದು ಅತ್ತಿಗೆ? ನನಗಾ, ಮಗುವಿಗಾ?”

ತುಳಸಮ್ಮನವರು ಬೋಗುಣಿಯೊಳಗೆ ಬಗ್ಗಿ ನೋಡಿದರು. ಒದ್ದೆ ಕೈಗಳು, ಹಸಿರು ಸಿಪ್ಪೆ, ಬೆಳ್ಳನೆ ಬೇಳೆ, ಯಾರದು ಯಾವುದೆಂದು ತಿಳಿಯಲಿಲ್ಲ. “ಸಾರಿಗೆ ಹೊತ್ತಾಯ್ತು, ಬೇಗ ಬೇಗ ಹಿದುಕಿ,” ಎಂದು ತಾವೂ ಸೆರಗು ಸಿಕ್ಕಿಸಿಕೊಂಡು ಎರಡು ಕೈಯನ್ನೂ ನೀರಿಗೆ ಹಾಕಿದರು.